ಗಿರಿಜಕ್ಕನ ಕ್ಯಾಂಟೀನಿನಲ್ಲಿ ತೂಗುತ್ತಿದ್ದ ಫೋನುಗಳು

ಕೋವಿಡ್ ನಿರ್ಬಂಧಗಳು ಮುಗಿದ ವರ್ಷದ ಮಳೆಗಾಲ. ನಾನು ಚಿಕ್ಕಮಗಳೂರಿನಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಮೂಡಿಗೆರೆ ಮತ್ತು ಕಳಸ ಭಾಗದ ಸುದ್ದಿಯೂ ನನ್ನ ಹೊಣೆಯೇ. ಅದೇ ಭಾಗವನ್ನು ಇನ್ನೊಂದು ಪತ್ರಿಕೆಗೆ ವಿಶ್ವನಾಥ್ ನೋಡಿಕೊಳ್ಳುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಅವರ ಪತ್ರಿಕೆ ಆ ಕಡೆ ನಮ್ಮದಕ್ಕಿಂತ ಹೆಚ್ಚು ಮನೆಗಳಿಗೆ ಹೋಗುತ್ತಿತ್ತು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ಅದು ಕೆಲಸಕ್ಕೆ ಬಂತು.

ಆ ವರ್ಷ ಸರ್ಕಾರದ ಎರಡು ಕ್ರಮಗಳು ಹೆಚ್ಚುಕಡಿಮೆ ಒಟ್ಟಿಗೆ ನಮ್ಮ ಬೆಟ್ಟಗಳಿಗೆ ತಲುಪಿದವು. ಒಂದು, ಮೋಟಾರು ವಿಮೆಯದ್ದು. ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಮ್ಮ ವಾಹನದಿಂದ ಇನ್ನೊಬ್ಬರಿಗೆ ಹಾನಿಯಾದರೆ ಪರಿಹಾರ ಕೊಡುವ ವಿಮೆ ಅದು. ಅದರ ದರವನ್ನು ಕಂಪನಿಗಳಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. ಕೋವಿಡ್ ಕಾಲದಲ್ಲಿ ಏರಿಸದೆ ಇಟ್ಟಿದ್ದ ದರವನ್ನು ಆಗ ಪರಿಷ್ಕರಿಸಲಾಯಿತು. ಜೊತೆಗೆ ವಿಮೆ ಇಲ್ಲದ ವಾಹನಗಳ ತಪಾಸಣೆ ಬಿಗಿಯಾಯಿತು. ಬಾಡಿಗೆ ಜೀಪಿನವರ ಬಾಯಲ್ಲಿ ಪ್ರೀಮಿಯಂ ಬಿಟ್ಟು ಬೇರೆ ಮಾತಿರಲಿಲ್ಲ. ಎರಡನೆಯದು, ಸರ್ಕಾರಿ ಕಚೇರಿಗಳ ಸೈಬರ್ ಭದ್ರತೆ. ಕಚೇರಿಯ ಕಂಪ್ಯೂಟರಿನಲ್ಲಿ ಲಾಗಿನ್ ಆಗಲು ಪಾಸ್‌ವರ್ಡ್ ಒಂದೇ ಸಾಲದು, ನೋಂದಾಯಿತ ಮೊಬೈಲಿಗೆ ಬರುವ ಒಟಿಪಿಯೂ ಬೇಕು ಎಂಬ ನಿಯಮ ಪಂಚಾಯಿತಿಗಳವರೆಗೂ ಬಂತು.

ಮೂಡಿಗೆರೆಯಿಂದ ಕಳಸದ ಕಡೆ ಹೋಗುವಾಗ ಎಸ್ಟೇಟುಗಳ ನಡುವೆ ಒಂದು ಏರು ತಿರುವಿದೆ. ಹೆಸರು ಹೇಳುವುದಿಲ್ಲ. ಅಲ್ಲಿಂದ ಪಕ್ಕದ ಕಣಿವೆಗೆ ಇಳಿದರೆ ಪಂಚಾಯಿತಿ ಕಚೇರಿ, ಶಾಲೆ, ಕಾರ್ಮಿಕರ ಲೈನ್ ಮನೆಗಳು. ಕಚೇರಿಗೆ ಕೇಬಲಿನ ಇಂಟರ್ನೆಟ್ ಇದೆ, ಲ್ಯಾಂಡ್‌ಲೈನ್ ಇದೆ, ಮೊಬೈಲ್ ಸಿಗ್ನಲ್ ಮಾತ್ರ ಇಲ್ಲ. ಸಿಗ್ನಲ್ ಬೇಕಾದರೆ ತಿರುವಿಗೇ ಹತ್ತಿ ಬರಬೇಕು. ತಿರುವಿನಲ್ಲಿ ಗಿರಿಜಕ್ಕನ ಕ್ಯಾಂಟೀನು.

ಗಿರಿಜಕ್ಕನ ಗಂಡ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಪಂಚಾಯಿತಿ ಜಾಗದಲ್ಲಿ, ಪಂಚಾಯಿತಿಯ ಲೈಸೆನ್ಸಿನ ಮೇಲೆ ಈಕೆ ಕ್ಯಾಂಟೀನು ನಡೆಸುತ್ತಿದ್ದರು. ಗಂಡನ ಕಾಲದಿಂದ ಮನೆಯಲ್ಲಿ ಉಳಿದಿದ್ದ, ಕಾಫಿ ಸ್ಯಾಂಪಲ್ ಕಳಿಸುವ ಚಿಕ್ಕ ಬಟ್ಟೆ ಚೀಲಗಳನ್ನು ಒಲೆಯ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ್ದರು. ಪ್ರತಿ ಚೀಲದಲ್ಲಿ ಒಂದು ಫೋನು. ಕಣಿವೆಯಲ್ಲಿ ಓಡಿಸುವ ಜೀಪಿನವರಿಗೆ ಕೆಳಗೆ ಫೋನಿನಿಂದ ಪ್ರಯೋಜನವಿಲ್ಲ, ಮಳೆಗೆ ನೆನೆದು ಹಾಳಾಗುವುದೇ ಹೆಚ್ಚು. ಹಾಗಾಗಿ ಇಳಿಯುವ ಮುಂಚೆ ಇಲ್ಲಿ ಬಿಟ್ಟು ಹೋಗುತ್ತಿದ್ದರು. ಬಾಡಿಗೆಗೆ ಕರೆ ಬಂದರೆ ಗಿರಿಜಕ್ಕನೇ ಎತ್ತಿ, 'ಕೆಳಗೆ ಹೋಗಿದಾನೆ, ಬಂದ ಕೂಡ್ಲೆ ಕಳಿಸ್ತೀನಿ' ಎನ್ನುತ್ತಿದ್ದರು. ಒಟಿಪಿ ಬಂದರೆ ಬೇಕಾದವರಿಗೆ ತನ್ನ ಲ್ಯಾಂಡ್‌ಲೈನಿನಿಂದ ಓದಿ ಹೇಳುತ್ತಿದ್ದರು. ಅದಕ್ಕಾಗಿ ಯಾವ ಫೋನಿಗೂ ಲಾಕ್ ಇರಲಿಲ್ಲ. ಅದು ಅಲ್ಲಿನ ಕಟ್ಟುಪಾಡು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಚಿಕ್ಕಮಗಳೂರಿನಲ್ಲಿ ಸೈಬರ್ ಭದ್ರತೆಯ ತರಬೇತಿ ಪಡೆದು ಬಂದಿದ್ದರು. ನೋಂದಾಯಿತ ಫೋನನ್ನು ಸುರಕ್ಷಿತ ಜಾಗದಲ್ಲಿಡಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಆ ಊರಿನಲ್ಲಿ ಒಣಗಿದ, ಸಿಗ್ನಲ್ ಇರುವ, ಸದಾ ಒಬ್ಬರು ಕಾವಲಿರುವ ಜಾಗ ಒಂದೇ. ಕಚೇರಿಯ ಫೋನೂ ಬಂದು ಚೀಲ ಸೇರಿತು.

ಕಳಸಕ್ಕೆ ಹೋಗುವಾಗಲೆಲ್ಲ ನಾನು ಆ ಚೀಲಗಳ ಕೆಳಗಿನ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ.

ಜುಲೈನಲ್ಲಿ ಮೂಡಿಗೆರೆ ಬಳಿ ತಪಾಸಣೆ ನಡೆಯಿತು. ಆ ತಿರುವಿನ ಜಯರಾಮ ಎಂಬ ಚಾಲಕನ ಜೀಪು ನಿಲ್ಲಿಸಿದ ಇನ್‌ಸ್ಪೆಕ್ಟರ್ ಪಾಲಿಸಿಯ ಸಂಖ್ಯೆಯನ್ನು ಆನ್‌ಲೈನಿನಲ್ಲಿ ಹಾಕಿ ನೋಡಿದರು. ಕಾಗದದಲ್ಲಿ ಜೀಪು ಎಂದಿತ್ತು. ವಿಮಾ ದಾಖಲೆಯಲ್ಲಿ ಅದು ಸ್ಕೂಟರಿನ ಪಾಲಿಸಿ. ಈ ಬಗೆಯ ಮೋಸ ಬೇರೆ ಕಡೆಯೂ ನಡೆದದ್ದುಂಟು. ಮಾರುವವನು ಅತಿ ಕಡಿಮೆ ಪ್ರೀಮಿಯಂನ ದ್ವಿಚಕ್ರ ಪಾಲಿಸಿ ಕೊಂಡು, ಕಡತದಲ್ಲಿ ಅಕ್ಷರ ತಿದ್ದಿ ದೊಡ್ಡ ವಾಹನದವರಿಗೆ ಕೊಡುತ್ತಾನೆ. ಅಪಘಾತವಾದಾಗಲೇ ಅದು ಬರೀ ಕಾಗದ ಎಂದು ತಿಳಿಯುವುದು. ಅದೇ ವಾರ ಆ ತಿರುವಿನ ಇನ್ನೂ ನಾಲ್ಕು ಜೀಪುಗಳು ಹೀಗೆಯೇ ಸಿಕ್ಕಿಬಿದ್ದವು. ಐದಕ್ಕೂ ಮಾರಿದವನು ಒಬ್ಬನೇ ಎಂದು ಇನ್‌ಸ್ಪೆಕ್ಟರ್ ಹೇಳಿದರು. ಅವನ ಫೋನು ಆಗಲೇ ಸ್ವಿಚ್ ಆಫ್ ಆಗಿತ್ತು. ಜೀಪುಗಳು ಠಾಣೆಯ ಅಂಗಳ ಸೇರಿದವು.

ಐದನೆಯದು ಸಿಕ್ಕಿಬಿದ್ದ ಮರುದಿನ ಬೆಳಿಗ್ಗೆ ವಿಶ್ವನಾಥ್ ಅವರ ಪತ್ರಿಕೆಯ ಮುಖಪುಟ ನೋಡಿದೆ. ಚೀಲಗಳ ಸಾಲಿನ ದೊಡ್ಡ ಚಿತ್ರ, ಕೆಳಗೆ ಗಿರಿಜಕ್ಕನ ಅರ್ಧ ಮುಖ. 'ಸರ್ಕಾರಿ ಕಚೇರಿಯ ಕೀಲಿಕೈ ಕ್ಯಾಂಟೀನಿನಲ್ಲಿ!' ಎಂಬ ತಲೆಬರಹ. ಜೀಪಿನವರು ಕೊಂಡ ಪಾಲಿಸಿ ಸರಿಯಾಗಿಯೇ ಇತ್ತು, ಕ್ಯಾಂಟೀನಿನ ಮಹಿಳೆ ಅಪರಿಚಿತನಿಗೆ ಒಟಿಪಿ ಓದಿ ಹೇಳಿದ್ದರಿಂದ ಯಾರೋ ಅದನ್ನು ಬದಲಿಸಿದ್ದಾರೆ ಎಂದು ಚಾಲಕರು ಹೇಳಿದ್ದಾಗಿ ವರದಿ.

ನಮ್ಮ ಸಂಪಾದಕರ ಫೋನು ಎಂಟಕ್ಕೆ ಮುಂಚೆಯೇ ಬಂತು. 'ನೀವು ಅಲ್ಲೇ ಕಾಫಿ ಕುಡೀತೀರಿ ಅಂತ ಹೇಳ್ತಿದ್ರಲ್ಲ? ತಲೆ ಎತ್ತಿ ನೋಡೋ ಅಭ್ಯಾಸ ಇಲ್ವಾ?'

ಕಚೇರಿಯ ಫೋನು ಲಾಕ್ ಇಲ್ಲದೆ ರಸ್ತೆಬದಿಯಲ್ಲಿ ತೂಗುತ್ತಿದ್ದುದು ಸುದ್ದಿಯೇ. ವರದಿಯ ಆ ಅರ್ಧ ಸರಿಯಾಗಿತ್ತು. ನನ್ನನ್ನು ಸುಟ್ಟದ್ದು ಆ ಸರಿಯಾದ ಅರ್ಧವೇ. ಅದನ್ನು ನಾನು ನೂರು ಸಲ ನೋಡಿದ್ದೆ, ವಿಶ್ವನಾಥ್ ಒಂದು ಸಲ ನೋಡಿದ್ದರು. ಉಳಿದ ಅರ್ಧ ಸುಳ್ಳಾಗಿರಲಿ ಎಂದು ಮನಸ್ಸಿನಲ್ಲೇ ಬಯಸಿಕೊಂಡು ಕಳಸದ ಬಸ್ಸು ಹತ್ತಿದೆ.

ಕ್ಯಾಂಟೀನಿನಲ್ಲಿ ಐವರು ಚಾಲಕರೂ ಕೂತಿದ್ದರು. ಜೀಪಿಲ್ಲದ ಮೇಲೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಮಳೆ ಜೋರಾಗಿತ್ತು. ಗಿರಿಜಕ್ಕ ಕಾಫಿ ಕೊಡುತ್ತಿದ್ದರು, ಆದರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

'ನಾಡಿದ್ದು ಪಂಚಾಯಿತಿ ಮೀಟಿಂಗ್ ಅಂತೆ ಸಾರ್,' ಎಂದರು ನನಗೆ. 'ಲೈಸೆನ್ಸ್ ರದ್ದು ಮಾಡ್ತಾರಂತೆ. ಮೆಂಬರ್‌ಗಳೆಲ್ಲ ಪೇಪರ್ ಹಿಡ್ಕೊಂಡೇ ಓಡಾಡ್ತಿದಾರೆ.'

'ಒಟಿಪಿ ಹೇಳಿದ್ದು ನಿಜವಾ?'

'ನಿಜ. ಫೋನ್ ಬಂತು, ಹೇಳ್ದೆ. ಇವರೇ ಹೇಳಿ ಹೋಗಿದ್ರು, ಒಂದು ಕಾಲ್ ಬರುತ್ತೆ ಅಕ್ಕ, ನಂಬರ್ ಓದಿಬಿಡಿ ಅಂತ. ಈಗ ಕೇಳಿದ್ರೆ ಹೇಳೇ ಇಲ್ಲ ಅಂತಾರೆ.'

ಚಾಲಕರಲ್ಲಿ ಕಿರಿಯವನಾದ ಚಂದ್ರು ಹೊರಗೆ ನೋಡುತ್ತ, 'ನಾನಂತೂ ಹೇಳಿಲ್ಲಪ್ಪ' ಎಂದ. ಉಳಿದವರು ಲೋಟದೊಳಗೆ ನೋಡಿದರು.

ಬಸ್ಸಿನಲ್ಲಿ ಬರುವಾಗಲೆಲ್ಲ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು: ಈ ಸುದ್ದಿ ವಿಶ್ವನಾಥ್‌ಗೆ ಎಲ್ಲಿಂದ ಸಿಕ್ಕಿತು? ಹೊಟ್ಟೆಕಿಚ್ಚಿನವನು ಮೊದಲು ಕೇಳಿಕೊಳ್ಳುವುದೇ ಇದನ್ನು, ಎದುರಿನವನಿಗೆ ಅದು ಎಲ್ಲಿಂದ ಸಿಕ್ಕಿತು ಎಂದು. ಬೆಂಚಿನ ಮೇಲೆ ಕೂತು ಆ ಐವರ ಮುಖ ನೋಡುವಾಗ ಅದೇ ಪ್ರಶ್ನೆ ಇವರಿಗೂ ಹೊಂದುತ್ತದೆ ಅನ್ನಿಸಿತು. ಒಟಿಪಿ ಯಾರು ಹೇಳಿದರು ಎಂದು ಎಲ್ಲರೂ ಕೇಳುತ್ತಿದ್ದರು. ಮಾರುವವನು ಸಿಕ್ಕಿದ್ದು ಹೇಗೆ ಎಂದು ಯಾರೂ ಕೇಳಿರಲಿಲ್ಲ.

'ಐದೂ ಜನ ಒಬ್ಬನ ಹತ್ತಿರವೇ ವಿಮೆ ಮಾಡಿಸಿದಿರಲ್ಲ,' ಎಂದೆ. 'ಆ ಮನುಷ್ಯ ನಿಮಗೆ ಸಿಕ್ಕಿದ್ದು ಎಲ್ಲಿ?'

ಚಂದ್ರು, 'ಜಯರಾಮಣ್ಣ ಕೊಟ್ಟ ನಂಬರ್ ಸಾರ್' ಎಂದ.

ಜಯರಾಮ ಲೋಟ ಕೆಳಗಿಟ್ಟ. ಐವತ್ತರ ಆಸುಪಾಸಿನ ಮನುಷ್ಯ, ತಿರುವಿನ ಹಳೆಯ ಚಾಲಕ. 'ನಾನಾ? ಯಾವಾಗ ಕೊಟ್ಟೆ ಮಾರಾಯ?'

'ಕೊಟ್ಟಿದ್ಯಲ್ಲ... ಆವತ್ತು.'

'ಯಾವತ್ತು? ಸ್ವಂತ ಭಾವ ಬಂದು ಕೇಳಿದ್ದಕ್ಕೇ ಕೊಡಲಿಲ್ಲ ನಾನು. ನಿಮಗೆ ಕೊಡ್ತೀನಾ? ಊರಿಗೆಲ್ಲ ಹಂಚೋಕೆ ನಾನೇನು ಧರ್ಮಛತ್ರ ಇಟ್ಟಿದೀನಾ?'

'ಹಾಗಾದ್ರೆ ನೀನು ಕಡಿಮೇಲಿ ಇನ್ಶೂರೆನ್ಸ್ ಮಾಡಿಸ್ಕೊಂಡೆ ಅಂತ ದಿನಾ ಬೆಳಿಗ್ಗೆ ನಮ್ಮ ಮುಂದೆ ಕೊಚ್ಕೊಂಡಿದ್ದು ಯಾಕೆ?' ಎಂದು ಇನ್ನೊಬ್ಬ ರೇಗಿದ.

'ಕೊಚ್ಕೊಂಡೆ. ನಂಬರ್ ಕೊಡಲಿಲ್ಲ.'

ಒಲೆಯ ಕಡೆಯಿಂದ ಗಿರಿಜಕ್ಕನ ದನಿ ಬಂತು. ಈ ಸಲ ಅವರು ಚಂದ್ರುವಿನ ಮುಖವನ್ನೇ ನೋಡುತ್ತಿದ್ದರು.

'ಚಂದ್ರು, ಜಯರಾಮನ ಫೋನಿಗೆ ಹಬೆ ಹಿಡಿದಿದೆ ಅಂತ ಚೀಲದಿಂದ ತೆಗೆದು ಒರೆಸ್ತಾ ಕೂತಿದ್ಯಲ್ಲ ಒಂದು ದಿನ. ಎಷ್ಟು ಒಳ್ಳೆ ಹುಡುಗ ಅಂದ್ಕೊಂಡೆ. ನಿನ್ನ ಫೋನಿಗೆ ಹಬೆ ಹಿಡಿದಾಗ ಒಂದು ದಿನಾನೂ ಒರೆಸಿದ್ದು ಕಾಣೆ.'

ಚಂದ್ರು ಎದ್ದು ನಿಂತ. ಕಿವಿ ಕೆಂಪಾಗಿತ್ತು.

'ಹೌದು ನೋಡ್ದೆ! ಏನೀಗ? ಇವನೊಬ್ಬ ದುಡ್ಡು ಉಳಿಸ್ಕೊಂಡು ಜೀಪಿಗೆ ಹೊಸ ಸೀಟ್ ಹಾಕಿಸಿ ಮೆರೀತಿದ್ದ. ನಾವು ಪೂರ್ತಿ ಪ್ರೀಮಿಯಂ ಕಟ್ಟಿ ಅದನ್ನ ನೋಡ್ಕೊಂಡು ಕೂತಿರಬೇಕಿತ್ತಾ?' ಎಂದವನೇ ಉಳಿದ ಮೂವರ ಕಡೆ ತಿರುಗಿದ. 'ನಂಗೂ ಕೊಡು, ನಂಗೂ ಕೊಡು ಅಂತ ಹಿಂದೆ ಬಿದ್ದಿದ್ದು ಯಾರು? ಈಗ ನಾನೊಬ್ಬನೇ ಕಳ್ಳನಾ?'

ಆಮೇಲೆ ಎಲ್ಲವೂ ಒಂದೊಂದಾಗಿ ಹೊರಬಿತ್ತು. ಜಯರಾಮ ಹೇಗೋ ಹುಡುಕಿದ್ದ ಸಂಖ್ಯೆಯನ್ನು ಚಂದ್ರು ಅವನ ಫೋನಿನಿಂದ ಕದ್ದು ನೋಡಿದ್ದ. ಮೂವರು ಚಂದ್ರುವಿನಿಂದ ಪಡೆದಿದ್ದರು. ಮಾರುವವನು ಮೊಬೈಲ್ ಸಂಖ್ಯೆಯ ಖಾತ್ರಿಗೆ ಒಟಿಪಿ ಕೇಳುತ್ತೇನೆ ಎಂದಿದ್ದರಿಂದ ಐವರೂ ಗಿರಿಜಕ್ಕನಿಗೆ ಓದಿ ಹೇಳುವಂತೆ ತಿಳಿಸಿಯೇ ಕಣಿವೆಗೆ ಇಳಿದಿದ್ದರು. ಪಾಲಿಸಿ ಸುಳ್ಳೆಂದು ಗೊತ್ತಾದಾಗ, ಸಂಖ್ಯೆ ಹೇಗೆ ಸಿಕ್ಕಿತೆಂದು ಜಯರಾಮನ ಮುಂದೆ ಹೇಳಲಾಗದ ನಾಲ್ವರು ಒಟಿಪಿಯ ಮಾತು ಹಿಡಿದುಕೊಂಡರು. ಜಯರಾಮ ಅದನ್ನು ನಂಬಿದ. ತಾನು ಹುಡುಕಿದ ವ್ಯಾಪಾರವೇ ಮೋಸ ಎಂದು ಒಪ್ಪುವುದಕ್ಕಿಂತ, ಒಳ್ಳೆಯ ಪಾಲಿಸಿಯನ್ನು ಯಾರೋ ಕೆಡಿಸಿದರು ಎನ್ನುವುದು ಅವನಿಗೆ ಹಗುರಾಗಿತ್ತು. ವಿಶ್ವನಾಥ್‌ಗೆ ಫೋನ್ ಮಾಡಿ ಸುದ್ದಿ ಕೊಟ್ಟವನು ಚಂದ್ರು.

'ಪೇಪರಲ್ಲಿ ಹಾಕ್ತೀರಾ ಸಾರ್?' ಎಂದು ಜಯರಾಮ ಕೇಳಿದ.

'ಹಾಕ್ತೀನಿ. ಇವರು ನಿಮಗೆ ಏನು ಮಾಡಿದ್ರು ಅಂತ ಅಲ್ಲ. ನೀವೆಲ್ಲ ಸೇರಿ ಗಿರಿಜಕ್ಕನಿಗೆ ಏನು ಮಾಡಿದ್ರಿ ಅಂತ.'

ಅವನು ತಲೆಯಾಡಿಸಿದ. ಐವರೂ ಹೆಸರು ಹಾಕಿ ಹೇಳಿಕೆ ಕೊಟ್ಟರು. ಕಚೇರಿಯ ಲಾಗಿನ್ ಬಗ್ಗೆ ಪೊಲೀಸರ ಸೈಬರ್ ವಿಭಾಗದವರನ್ನು ಕೇಳಿದೆ. ಬೇರೆ ಯಾರೂ ಒಳಹೊಕ್ಕ ಸುಳಿವಿಲ್ಲ ಎಂದರು.

ಸಂಜೆಯ ಹೊತ್ತಿಗೆ ವರದಿ ಕಳಿಸಿದೆ. ಮುಖಪುಟಕ್ಕೆ ಎಂದು ಗುರುತು ಹಾಕಿದ್ದೆ. ವರ್ಷಗಳಿಂದ ಕಾಯುತ್ತಿದ್ದ ಅವಕಾಶ ಅದು: ವಿಶ್ವನಾಥ್ ಅವರ ಮುಖಪುಟ ಸುಳ್ಳು, ಸತ್ಯ ನನ್ನ ಹೆಸರಿನಲ್ಲಿ. ಸಂಪಾದಕರು ಓದಿ ಫೋನ್ ಮಾಡಿದರು.

'ಚೆನ್ನಾಗಿದೆ. ಐದನೇ ಪುಟಕ್ಕೆ ತಗೊಳ್ತೀನಿ.'

'ಮುಖಪುಟ ಸಾರ್ ಇದು.'

'ಆ ಹೆಂಗಸಿನ ಮೇಲೆ ನಾವು ಆರೋಪ ಮಾಡಿರಲಿಲ್ಲವಲ್ಲ. ಅವರು ಮಾಡಿದ್ದನ್ನ ನಮ್ಮ ಮುಖಪುಟದಲ್ಲಿ ತೊಳೆಯೋದು ಯಾಕೆ?'

ಫೋನ್ ಇಟ್ಟು ಕೂತು ಯೋಚಿಸಿದೆ. ಆ ಪಂಚಾಯಿತಿಗೆ ನಮ್ಮ ಪತ್ರಿಕೆ ಬರುವುದು ಶಾಲೆಗೆ ಮಾತ್ರ. ಸದಸ್ಯರೆಲ್ಲ ಓದುವುದು ವಿಶ್ವನಾಥ್ ಅವರ ಪತ್ರಿಕೆಯನ್ನು. ನಾಡಿದ್ದಿನ ಸಭೆಗೆ ಅವರು ಅದನ್ನೇ ಹಿಡಿದು ಬರುತ್ತಾರೆ. ನನ್ನ ಐದನೇ ಪುಟ ಸದಸ್ಯರ ಕೈಗೆ ತಲುಪುವ ಹೊತ್ತಿಗೆ ಕ್ಯಾಂಟೀನಿಗೆ ಬೀಗ ಬಿದ್ದಿರುತ್ತದೆ.

ವಿಶ್ವನಾಥ್‌ಗೆ ಫೋನ್ ಮಾಡಿದೆ. ಚಂದ್ರುವಿನ ಮಾತಿನಿಂದ ಸೈಬರ್ ವಿಭಾಗದ ಉತ್ತರದವರೆಗೆ ಎಲ್ಲವನ್ನೂ ಹೇಳಿ, ಐವರನ್ನೂ ಅವರೇ ವಿಚಾರಿಸಲಿ ಎಂದು ಸಂಖ್ಯೆಗಳನ್ನು ಕೊಟ್ಟೆ.

ಅವರು ಸಂಖ್ಯೆಗಳನ್ನು ಬರೆದುಕೊಂಡರು. 'ಇದು ನಿಮ್ಮ ಸ್ಟೋರಿ ಸಾರ್. ನನಗ್ಯಾಕೆ ಕೊಡ್ತಿದೀರಿ?'

'ಆಕೆಯ ಹೆಸರು ಕೆಟ್ಟಿದ್ದು ನಿಮ್ಮ ಮುಖಪುಟದಲ್ಲಿ. ಅಲ್ಲೇ ಸರಿಯಾಗಬೇಕು.'

'ಹಾಕಿಸ್ತೀನಿ ಸಾರ್,' ಎಂದರು. ಹಾಕಿಸಿದರು ಕೂಡ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ, ಮೊದಲ ವರದಿ ತಪ್ಪಾಗಿತ್ತು ಎಂಬ ಸಾಲಿನೊಡನೆ. ಈ ಸಲ ಚಿತ್ರದಲ್ಲಿ ಗಿರಿಜಕ್ಕನ ಪೂರ್ತಿ ಮುಖ ಇತ್ತು. ತಪ್ಪನ್ನು ತಾವೇ ತಿದ್ದಿಕೊಂಡ ಪತ್ರಕರ್ತ ಎಂದು ವಿಶ್ವನಾಥ್‌ಗೆ ಎಲ್ಲ ಕಡೆಯಿಂದ ಪ್ರಶಂಸೆ ಬಂತು. ನಮ್ಮ ಸಂಪಾದಕರು ಫೋನ್ ಮಾಡಿ, 'ಅವರಿಗೂ ಅದೇ ದಿನ ಸಿಕ್ಕಿತಲ್ರೀ' ಎಂದರು. ಹೌದು ಎಂದೆ.

ಪಂಚಾಯಿತಿ ಸಭೆ ಲೈಸೆನ್ಸ್ ಮುಂದುವರಿಸಿತು. ಕಚೇರಿಯ ಫೋನನ್ನು ಹೊರಗಿಡಬಾರದು ಎಂದು ಆದೇಶವಾಯಿತು. ಈಗ ಲಾಗಿನ್ ಆಗಬೇಕಾದ ದಿನ ಅಧಿಕಾರಿಯೇ ಲ್ಯಾಪ್‌ಟಾಪ್ ಹಿಡಿದು ತಿರುವಿಗೆ ಹತ್ತಿ ಬಂದು, ಅದೇ ಕ್ಯಾಂಟೀನಿನಲ್ಲಿ ಕೂತು ಕೆಲಸ ಮುಗಿಸುತ್ತಾರೆ. ಜೀಪಿನವರು ಪೂರ್ತಿ ಪ್ರೀಮಿಯಂ ಕಟ್ಟಿ ಜೀಪು ಬಿಡಿಸಿಕೊಂಡರು. ಚೀಲಗಳು ಮತ್ತೆ ತೂಗುತ್ತಿವೆ, ಫೋನುಗಳಿಗೆ ಲಾಕ್ ಬಂದಿದೆ. ಕರೆ ಬಂದರೆ ಗಿರಿಜಕ್ಕ ಎತ್ತುತ್ತಾರೆ, ಒಟಿಪಿ ಮಾತ್ರ ಓದುವುದಿಲ್ಲ.

ಈ ಪ್ರಕರಣದಿಂದ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ತಪ್ಪು ವರದಿಯಾಗುತ್ತದೆ. ನನ್ನ ವೃತ್ತಿ ಕಲಿಸಿದ್ದು ಬೇರೆ. ಹೊಟ್ಟೆಕಿಚ್ಚಿನವನು ತರುವ ಸುದ್ದಿಯಲ್ಲಿ ಅರ್ಧ ಸತ್ಯ ಇದ್ದೇ ಇರುತ್ತದೆ, ಆದ್ದರಿಂದ ಉಳಿದ ಅರ್ಧವನ್ನು ಎರಡು ಸಲ ವಿಚಾರಿಸಬೇಕು. ಮತ್ತೆ, ಆ ಕಿಚ್ಚನ್ನು ಒಳಗೆ ಇಟ್ಟುಕೊಂಡೇ ಸರಿಯಾದ ಕೆಲಸ ಮಾಡಿ ಮುಗಿಸಬಹುದು. ಅದು ಆರಲಿ ಎಂದು ಕಾಯುತ್ತ ಕೂತರೆ ಸಭೆಯ ದಿನ ದಾಟಿಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ಕಳಸಕ್ಕೆ ಹೋಗುವಾಗ ಅಲ್ಲಿ ಇಳಿದಿದ್ದೆ. ಚೀಲಗಳ ಪಕ್ಕದಲ್ಲಿ ತಿದ್ದುಪಡಿ ಬಂದ ಆ ಮುಖಪುಟಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದಾರೆ. ವಿಶ್ವನಾಥ್ ಅವರ ಹೆಸರು ನಾನು ಕೂರುವ ಬೆಂಚಿನ ಸರಿಯಾಗಿ ಮೇಲೆ ಬರುತ್ತದೆ.

'ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ ಸಾರ್,' ಎಂದರು ಗಿರಿಜಕ್ಕ, ಕಾಫಿ ಇಡುತ್ತ. 'ನೀವೂ ಏನೋ ಬರೆದಿದ್ರಿ ಅಂತ ಜಯರಾಮ ಹೇಳ್ತಿದ್ದ. ನಮಗೆ ಆ ಪೇಪರ್ ಬರಲ್ಲ.'

'ಚೆನ್ನಾಗಿದೆ,' ಎಂದು ತಲೆ ಎತ್ತಿ ಇನ್ನೊಮ್ಮೆ ಓದಿದೆ. ಎಲ್ಲೂ ತಪ್ಪಿರಲಿಲ್ಲ.