ಕಳಶ ಹಿಡಿಯಬೇಕಾದವಳು

ನನ್ನ ಮದುವೆಯಲ್ಲಿ ಕಳಶ ಹಿಡಿಯಬೇಕಾದವಳು ನನ್ನ ತಂಗಿ. ಹಿಡಿದವಳು ದೊಡ್ಡಪ್ಪನ ಮಗಳು. ತಂಗಿ ಊರಲ್ಲಿರಲಿಲ್ಲವೇ ಎಂದು ಕೇಳಬೇಡಿ. ಅದೇ ಛತ್ರದಲ್ಲಿ, ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಅಲ್ಲಿ ಕೂರಿಸಿದವನು ನಾನೇ.

ನಮ್ಮ ಕಡೆ ಗಂಡಿನ ಒಡಹುಟ್ಟಿದವಳು ಹಿತ್ತಾಳೆ ಕಳಶ ಹಿಡಿದು ಅವನ ಪಕ್ಕದಲ್ಲೇ ನಿಲ್ಲಬೇಕು. ಕೈ ಸೋತರೂ ತಾಳಿ ಕಟ್ಟುವವರೆಗೆ ಕೆಳಗಿಡುವ ಹಾಗಿಲ್ಲ. ಒಡಹುಟ್ಟಿದವಳು ಇಲ್ಲದಿದ್ದರೆ ಮಾತ್ರ ದಾಯಾದಿಗಳ ಮನೆಯ ಹುಡುಗಿಯನ್ನು ಕರೆಯುತ್ತಾರೆ. ಅಂದರೆ ಅವತ್ತು ಸೇರಿದ್ದ ಜನರ ಮುಂದೆ ನಾನು, ನನಗೆ ತಂಗಿಯೇ ಇಲ್ಲ ಎಂದ ಹಾಗಾಯಿತು.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ನೀವೂ ನಗುತ್ತೀರಿ. ಅವಳ ಹೆಸರು ಕೇಳಿದ ಕೂಡಲೇ ನಗುವುದು ಜನಕ್ಕೆ ಅಭ್ಯಾಸವಾಗಿಬಿಟ್ಟಿದೆ.

ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು ಬಿಟ್ಟು ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿಗೆ ಸೇರಿದೆ. ಅಮ್ಮ ಅಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಂಗಿ ಸ್ಕೂಲು ಮುಗಿಸಿ ಅಲ್ಲಿಗೇ ಬರುತ್ತಿದ್ದಳು. ಪವರ್‌ಲೂಮ್ ಓಡುವಾಗ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಶೆಡ್ಡಿನವರು ಮುಖದಲ್ಲೇ ಮಾತಾಡುತ್ತಾರೆ. ಎಳೆ ಕಿತ್ತರೆ ಒಂದು ಹುಬ್ಬು, ಕಂಡಿಕೆ ಮುಗಿದರೆ ಎರಡು ಹುಬ್ಬು, ಊಟಕ್ಕೆ ತುಟಿ. ಮಾಲೀಕ ಬಂದರೆ ಏನು ಸನ್ನೆ ಮಾಡಬೇಕು ಎಂದು ಕಂಡುಹಿಡಿದವಳು ತಂಗಿ. ಕೆನ್ನೆ ಎರಡನ್ನೂ ಉಬ್ಬಿಸಿ, ಕಣ್ಣು ಅಗಲಿಸಿ, ಕತ್ತನ್ನು ಭುಜದೊಳಗೆ ಎಳೆದುಕೊಂಡುಬಿಡುವಳು. ಥೇಟ್ ಆ ಮನುಷ್ಯನೇ. ಹಿಂದೆ ನಿಜವಾದ ಮಾಲೀಕ ನಿಂತಿರುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ನಗು ತಡೆಯುತ್ತಿದ್ದೆ. ಅದು ನಮ್ಮಿಬ್ಬರದು.

ಈಗ ಆ ಕೆನ್ನೆ ಎಲ್ಲರ ಮೊಬೈಲಿನಲ್ಲಿದೆ.

ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಬೀದಿನಾಟಕ ಆಡುವವರ ಜೊತೆ ಮೊದಲು ಹೋದಳು. ಅಲ್ಲಿಂದ ಧಾರಾವಾಹಿಯಲ್ಲಿ ಮನೆಕೆಲಸದವಳ ಪಾತ್ರ ಸಿಕ್ಕಿತು. ಆಮೇಲೆ ಟೀವಿಯ ನಗೆ ಕಾರ್ಯಕ್ರಮ, ಆಮೇಲೆ ಸಿನಿಮಾ. ಪಾತ್ರ ಎಷ್ಟೇ ಬದಲಾದರೂ ಅವಳು ಮಾಡುವುದು ಒಂದೇ. ದಪ್ಪಗಿದ್ದಾಳೆ, ಕಪ್ಪಗಿದ್ದಾಳೆ, ಸದಾ ತಿನ್ನುತ್ತಿರುತ್ತಾಳೆ, ಯಾರನ್ನೋ ಮದುವೆಯಾಗೆಂದು ಅಟ್ಟಿಸಿಕೊಂಡು ಹೋಗುತ್ತಾಳೆ, ಅವನು ಓಡುತ್ತಾನೆ, ಇವಳು ಬೀಳುತ್ತಾಳೆ. ಬರೆಯುವವರಿಗೆ ಬೇರೆ ಏನೂ ಹೊಳೆಯುವುದಿಲ್ಲವೇ? ಅಮ್ಮ ಸತ್ತ ವರ್ಷ ಒಬ್ಬ ನಿರ್ದೇಶಕನನ್ನು, ಅಳುವ ಸೀನು ಒಂದಾದರೂ ಕೊಡಿ ಸಾರ್ ಎಂದು ಕೇಳಿದಳಂತೆ. "ನೀನು ಅತ್ರೂ ಜನ ನಗ್ತಾರೆ ಬಿಡಮ್ಮ" ಅಂದನಂತೆ ಅವನು.

ಅವನಿಗೆ ಬೈಯಲು ನನಗೇನು ಯೋಗ್ಯತೆ ಇದೆ? ಅವಳು ಸಗಣಿ ಗುಂಡಿಗೆ ಬೀಳುವ ಸಿನಿಮಾವನ್ನು ಶೆಡ್ಡಿನ ಗೆಳೆಯರ ಜೊತೆ ನೋಡಿದ್ದೆ. ಆ ಸೀನಿಗೆ ಅವಳನ್ನು ಆರು ಸಲ ಬೀಳಿಸಿದ್ದರು, ಮಂಡಿ ಊದಿತ್ತು. ಮನೆಗೆ ಬಂದವಳಿಗೆ ಬಿಸಿನೀರಿನ ಬಟ್ಟೆ ಕಟ್ಟಿದವನು ನಾನೇ. ಆದರೂ ಥಿಯೇಟರಿನಲ್ಲಿ ಎಲ್ಲರೂ ನಕ್ಕಾಗ ನಾನೂ ನಕ್ಕೆ. ಪಕ್ಕದವನು ತೊಡೆಗೆ ಹೊಡೆದು "ಏನ್ ಗುರು, ನಿನ್ ತಂಗಿ ಬಿದ್ರೆ ಭೂಕಂಪ ಆಯ್ತದಲ್ಲೋ" ಅಂದ. ಅದಕ್ಕೂ ನಕ್ಕೆ.

ಮದುವೆಯ ಹೊತ್ತಿಗೆ ನಾನು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಸೇರಿದ್ದೆ. ಹೆಣ್ಣಿನ ಕಡೆಯವರು ಹೊಸಕೋಟೆಯವರು. ದೊಡ್ಡಪ್ಪ ಹಿಂದಿನ ದಿನ ನನ್ನನ್ನು ಪಕ್ಕಕ್ಕೆ ಕರೆದ.

"ಲೋ ಮಗ, ಅವಳ್ ಕೈಗೆ ಕಳಶ ಕೊಟ್ರೆ ಧಾರೆ ಟೈಮಲ್ಲಿ ಜನ ಕಿಸಿಕಿಸಿ ಅಂತಾರೆ. ಮದುವೆಯೋ ಕಾಮಿಡಿ ಶೋನೋ ಇದು? ಬೀಗರ ಮುಂದೆ ಮಾನ ಉಳಿಸ್ಕೊ. ನನ್ ಮಗಳು ಹಿಡೀತಾಳೆ ಬಿಡು."

ನಾನು ಹೂಂ ಎಂದೆ. ಒಂದು ಸಲವೂ ಎದುರಾಡಲಿಲ್ಲ. ಅವನು ಹೇಳುವ ಮೊದಲೇ ನನ್ನ ತಲೆಯಲ್ಲಿ ಅದು ಇತ್ತು. ಇಷ್ಟು ದಿನ ದೊಡ್ಡಪ್ಪನ ಮೇಲೆ ಹಾಕಿ ತಪ್ಪಿಸಿಕೊಂಡಿದ್ದೆ. ಇದನ್ನು ಬರೆಯುತ್ತಿರುವುದೇ ಆ ಮಾತು ಹೇಳುವುದಕ್ಕೆ.

ಮದುವೆಯ ಬೆಳಿಗ್ಗೆ ತಂಗಿ ಶೂಟಿಂಗಿಗೆ ರಜೆ ಹಾಕಿ, ಕೈತುಂಬಾ ಹಸಿರು ಬಳೆ ತೊಟ್ಟು ಬಂದಳು. "ಎಲ್ಲಣ್ಣ ಕಳಶ?" ಎಂದು ಕೇಳಿದಳು. "ನಿನಗೆ ಮಂಡಿ ನೋವಲ್ವಾ, ಅಷ್ಟೊತ್ತು ನಿಂತ್ಕೊಳಕ್ಕಾಗಲ್ಲ, ಕೂತ್ಕೊ" ಎಂದೆ. ಅವಳ ನೋವನ್ನೇ ನೆಪ ಮಾಡಿದ ಪಾಪಿ ನಾನು. ಅವಳು ನನ್ನ ಮುಖ ನೋಡಿದಳು. ಮುಖ ಓದುವುದನ್ನು ಮಗ್ಗದ ಶೆಡ್ಡಿನಲ್ಲಿ ಕಲಿತವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಹೋಗಿ ಕೂತಳು. ವಾಲಗ ಜೋರಾಗಿ, ಯಾರ ಮಾತೂ ಯಾರಿಗೂ ಕೇಳದಾಯಿತು. ಆಗ ಮೂರನೇ ಸಾಲಿನಿಂದ, ದೊಡ್ಡಪ್ಪ ಮಂಟಪ ಹತ್ತುವುದನ್ನು ತೋರಿಸಿ, ನನಗೊಬ್ಬನಿಗೇ ಕಾಣುವ ಹಾಗೆ ಕೆನ್ನೆ ಉಬ್ಬಿಸಿದಳು. ಹೊಟ್ಟೆಯೊಳಗೆ ಅಷ್ಟು ನೋವಿಟ್ಟುಕೊಂಡು ನನ್ನನ್ನು ನಗಿಸಲು ನೋಡಿದಳು. ಬೀಗರು ಕಂಡಾರೆಂದು ನಾನು ಮುಖ ಆ ಕಡೆ ತಿರುಗಿಸಿದೆ. ತಾಳಿ ಕಟ್ಟಿ ನೋಡಿದಾಗ ಕುರ್ಚಿ ಖಾಲಿ. ಊಟ ಮಾಡದೆ ಹೋಗಿದ್ದಳು.

ಎರಡು ವರ್ಷ ಕಳೆಯಿತು. ನನಗೆ ಹೆಣ್ಣು ಮಗು ಹುಟ್ಟಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇಷ್ಟರಲ್ಲಿ ತಂಗಿ ಇನ್ನೂ ದೊಡ್ಡ ಹೆಸರು ಮಾಡಿದ್ದಳು. ಮಾನ ಹೋಗುತ್ತದೆ ಎಂದಿದ್ದ ಅದೇ ದೊಡ್ಡಪ್ಪ ಫೋನು ಮಾಡಿ, "ಅವಳನ್ನ ಕರಿಯೋ, ನಮ್ ಹುಡುಗ್ರು ಸೆಲ್ಫಿ ತಗೋಬೇಕಂತೆ" ಅಂದ. ಮೈ ಉರಿದುಹೋಯಿತು. ಆದರೂ ಹೋಗಲೇಬೇಕಿತ್ತು. ಅವಳು ಬರದಿದ್ದರೆ ಹೆಸರೇ ಇಡುವುದಿಲ್ಲ ಎಂದು ಹೆಂಡತಿಗೆ ಹೇಳಿ ಹೊರಟೆ.

ನೆಲಮಂಗಲದ ಹತ್ತಿರ ಒಂದು ದೊಡ್ಡ ಮನೆಯಲ್ಲಿ ಧಾರಾವಾಹಿಯ ಶೂಟಿಂಗ್ ನಡೆಯುತ್ತಿತ್ತು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು, ಮಂಡಿ ಒತ್ತಿಕೊಳ್ಳುತ್ತಾ ಮೊಸರನ್ನ ತಿನ್ನುತ್ತಿದ್ದಳು. ನಾನು ತಪ್ಪಾಯಿತು ಎಂದೆ. ಮಂಡಿ ನೋವಿನ ಮಾತು ಸುಳ್ಳು, ನಾಚಿಕೆಪಟ್ಟೆ ಎಂದೆ.

"ಗೊತ್ತಿತ್ತು ಬಿಡಣ್ಣ" ಎಂದಳು. ಚಮಚ ಕೆಳಗಿಟ್ಟಳು. "ಹೊರಗಿನವರು ನಕ್ರೆ ಸಂಬಳ ಬರುತ್ತೆ. ನೀನು ನಾಚ್ಕೊಂಡ್ರೆ ನಂಗೇನ್ ಬರುತ್ತೆ?"

ನಾನು ಒಂದು ಮೆಟ್ಟಿಲು ಕೆಳಗೆ ಕೂತೆ.

"ನಿನ್ ಮಗಳಿಗೋಸ್ಕರ ಬರ್ತೀನಿ. ಒಂದೇ ಮಾತು ಕೇಳ್ತೀನಿ. ಅಲ್ಲಿ ಯಾರಾದ್ರೂ ಆ ಕೆನ್ನೆ ಮಾಡಮ್ಮ ಅಂದ್ರೆ ನೀನೇನ್ ಮಾಡ್ತೀಯ?"

"ನೋಡ್ಕೋತೀನಿ" ಎಂದೆ.

"ಅವತ್ತೂ ನೀನು ನೋಡ್ಕೊಂಡೇ ಇದ್ದೆ" ಎಂದು ಎದ್ದು ಒಳಗೆ ಹೋದಳು.

ಬಂದಳು. ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಅವಳು ಕಿವಿಯ ಹತ್ತಿರ ಬಗ್ಗಿದ್ದಳು ಅಷ್ಟೇ, ದೊಡ್ಡಪ್ಪ ಮೊಬೈಲು ಎತ್ತಿ ಹಿಡಿದು, "ಏ, ಮೊದ್ಲು ಒಂದ್ಸಲ ಕೆನ್ನೆ ಉಬ್ಬಿಸಮ್ಮ, ಮಗೂನೂ ನಗ್ಲಿ!" ಎಂದ. ಎಲ್ಲರೂ ಹೋ ಎಂದು ನಕ್ಕರು. ತಂಗಿ ಬಗ್ಗಿದ್ದ ಹಾಗೇ ನಿಂತಳು.

ನಾನು ಮೊಬೈಲು ಕಿತ್ತುಕೊಂಡೆ. "ದೊಡ್ಡಪ್ಪ, ಅವಳು ಈ ಮಗೂಗೆ ಸೋದರತ್ತೆ. ಕಾಮಿಡಿ ಬೇಕಿದ್ರೆ ನಿನ್ ಮನೆಗ್ ಹೋಗಿ ಟೀವಿ ಹಾಕ್ಕೊ" ಎಂದೆ. ಕೂಗಿಯೇಬಿಟ್ಟೆ. ಮಗು ಬೆಚ್ಚಿ ಅತ್ತಿತು. "ಹಿರಿಯರಿಗೆ ಹಿಂಗಂತೀಯೇನೋ ಮುಂಡೇದೆ!" ಎಂದು ಬೈಯುತ್ತಾ ದೊಡ್ಡಪ್ಪ ಎಲೆ ಮುಂದೆ ಕೂರದೆ ಮನೆಯವರನ್ನೆಲ್ಲ ಕರೆದುಕೊಂಡು ಹೋದ. ಇವತ್ತಿಗೂ ಮಾತಿಲ್ಲ. ಬೇಕಾಗಿಯೂ ಇಲ್ಲ.

ತಂಗಿ ಮಗುವನ್ನು ಸಮಾಧಾನ ಮಾಡಿ ಮೂರು ಸಲ ಹೆಸರು ಹೇಳಿದಳು. ಈ ಸಲ ಊಟ ಮಾಡಿದಳು. ಈಗ ಬಿಡುವಿದ್ದಾಗ ಬರುತ್ತಾಳೆ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹುಬ್ಬು ಕುಣಿಸುತ್ತಾಳೆ, ಕೆನ್ನೆ ಉಬ್ಬಿಸುತ್ತಾಳೆ, ಮಗು ಕೇಕೆ ಹಾಕುತ್ತದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಅವಳು ತಲೆಯೆತ್ತಿ ನನ್ನನ್ನು ಕಂಡರೆ ಉಬ್ಬಿದ ಕೆನ್ನೆ ಇಳಿದುಹೋಗುತ್ತದೆ. "ಬಾ ಅಣ್ಣ, ಕಾಫಿ ಕುಡಿದ್ಯಾ?" ಎಂದು ಕೇಳುತ್ತಾಳೆ.