ಸ್ವಿಚ್ಚಿಗೆ ಅಮಾವಾಸ್ಯೆ ಪೂಜೆ

ನೀವು ಅಮಾವಾಸ್ಯೆಗೆ ಏನೇನಕ್ಕೆ ಪೂಜೆ ಮಾಡುತ್ತೀರಿ? ಬೈಕಿಗೆ? ಹೊಲಿಗೆ ಮಷಿನ್ನಿಗೆ? ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ನೆಟ್‌ವರ್ಕ್ ಸ್ವಿಚ್ಚಿಗೂ ಮಾಡುತ್ತಾರೆ. ಕಳೆದ ತಿಂಗಳು ಹಾಗೆ ಮಾಡಿದ ಮರುದಿನವೇ ಮಿಲ್ಲಿನ ಕಂಪ್ಯೂಟರುಗಳು ಮೌನವ್ರತ ಹಿಡಿದವು.

(ಸ್ವಿಚ್ ಎಂದರೆ ಲೈಟಿನದ್ದಲ್ಲ. ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ, ಸಾಲಾಗಿ ತೂತುಗಳಿರುವ ಡಬ್ಬಿ. ರಾಯಚೂರಿನಲ್ಲಿ ಕೂತು ಅಂಥವನ್ನು ಹೊಂದಿಸಿಕೊಡುವುದೇ ನನ್ನ ಹೊಟ್ಟೆಪಾಡು.)

ಬೆಳಿಗ್ಗೆಯೇ ಮಿಲ್ ಮಾಲೀಕ ಶರಣಪ್ಪನವರ ಫೋನು. "ಸರ, ಟೋಕನ್ ಬರವಲ್ದುರೀ. ಗೇಟಿನ ಮುಂದ ನೆಲ್ಲಿನ ಟ್ರ್ಯಾಕ್ಟರ್ ಸಾಲಾಗಿ ನಿಂತಾವ. ಲಗೂನ ಬರ್ರಿ."

"ಸ್ವಿಚ್ ಯಾರರ ಮುಟ್ಟೀರೇನ್ರಿ?"

"ಏ, ಯಾರೂ ಮುಟ್ಟಿಲ್ಲ ಬಿಡ್ರಿ."

ಈ ಉತ್ತರ ಕೇಳಿದಾಗಲೆಲ್ಲ ನನ್ನ ಬಿಪಿ ಏರುತ್ತದೆ. ಬೈದುಕೊಳ್ಳುತ್ತಲೇ ಬಸ್ ಹತ್ತಿದೆ.

ಗೇಟಿನಲ್ಲೇ ನನ್ನನ್ನು ಅಡ್ಡಗಟ್ಟಿದವಳು ಹನುಮವ್ವ, ದೇವದುರ್ಗದ ಕಡೆಯ ಜಾಲಹಳ್ಳಿಯವಳು. ಟೋಕನ್ ಇಲ್ಲದೆ ತೂಕವಿಲ್ಲ, ತೂಕವಾಗದೆ ಭತ್ತ ಇಳಿಸುವಂತಿಲ್ಲ. ಅವಳ ಟ್ರ್ಯಾಕ್ಟರಿಗೆ ಹೊದಿಸಿದ್ದ ತಾಡಪತ್ರಿ ನಟ್ಟನಡುವೆ ಹರಿದಿತ್ತು. ಮೇಲೆ ಮೋಡ ಕಟ್ಟುತ್ತಿತ್ತು.

"ಡಬ್ಬಿ ರಿಪೇರಿ ಮಾಡಾವ ನೀನೇನೋ ಯಪ್ಪಾ? ಒಂದು ಹನಿ ಬಿದ್ರೂ ನೋಡು, ಇಷ್ಟೂ ನೆಲ್ಲು ನಿನ್ನ ತಲಿಮ್ಯಾಲೆ ಸುರೀತೀನಿ!"

ಟ್ರ್ಯಾಕ್ಟರ್ ತುಂಬಾ ಭತ್ತ. ನನ್ನದೋ ಒಂದೇ ತಲೆ. ನಿಜಕ್ಕೂ ಭಯವಾಯಿತು.

ಶರಣಪ್ಪನವರ ಜೊತೆ ಸ್ವಿಚ್ಚಿನ ಕೋಣೆಗೆ ಓಡಿದರೆ ಊದಿನಕಡ್ಡಿಯ ವಾಸನೆ. ಸ್ವಿಚ್ಚಿನ ಹಣೆಗೆ (ಅದಕ್ಕೂ ಹಣೆ ಇದೆಯೆಂದು ಅಂದೇ ಗೊತ್ತಾದದ್ದು) ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು.

"ಯಾರೂ ಮುಟ್ಟಿಲ್ಲ ಅಂದ್ರಿ?"

"ಮುಟ್ಟಿಲ್ರೀ ಸರ. ಪೂಜಿ ಅಷ್ಟ ಮಾಡೀವಿ. ವಯರ್ ಎಲ್ಲಾ ಬಿಚ್ಚಿ, ಧೂಳಾ ವರಸಿ, ಮತ್ತ ಹಚ್ಚೀವಿ. ಹಳದಿ ಎಲ್ಲಾ ಒಂದು ಕಡಿ, ನೀಲಿ ಎಲ್ಲಾ ಒಂದು ಕಡಿ. ಮೊದಲಿಗಿಂತ ಚಂದ ಕಾಣ್ತದಲ್ಲ?"

ಚಂದವೇನೋ ಕಾಣುತ್ತಿತ್ತು. ಆದರೆ ಟೋಕನ್ ಕೊಡಲು ಅಲ್ಲಿ ಎರಡು ಸರ್ವರ್‌ಗಳಿವೆ. ಒಂದಕ್ಕೇ ಭಾರ ಬೀಳದಂತೆ ಎರಡೂ ಹಂಚಿಕೊಂಡು ದುಡಿಯುತ್ತವೆ. ("ಲೋಡ್ ಬ್ಯಾಲೆನ್ಸಿಂಗ್ ಅಂದ್ರ ಭೇದ ಮಾಡದ ಸಮ ಹಂಚೋದುರೀ" ಎಂದು ಅವನ್ನು ಕೂರಿಸಿದ ದಿನವೇ ಶರಣಪ್ಪನವರಿಗೆ ಬಿಡಿಸಿ ಹೇಳಿದ್ದೆ.) ಹೊರಗಿನವರಿಗೆ ಎರಡಕ್ಕೂ ಒಂದೇ ವಿಳಾಸ. ಒಂದೇ ವಿಳಾಸಕ್ಕೆ ಇಬ್ಬರಿದ್ದರೆ ಸ್ವಿಚ್ಚಿಗೆ ತಲೆ ಕೆಡುತ್ತದೆ, ಬಂದದ್ದನ್ನೆಲ್ಲ ಎಲ್ಲ ತೂತಿಗೂ ಕೂಗಿ ಹೇಳತೊಡಗುತ್ತದೆ. ಅದಕ್ಕೇ ಸ್ವಿಚ್ಚಿಗೆ ಕಟ್ಟಪ್ಪಣೆ ಮಾಡಿದ್ದೆ: ಈ ವಿಳಾಸಕ್ಕೆ ಬಂದದ್ದು ಸರ್ವರ್‌ಗಳಿರುವ ಮೂರು ಮತ್ತು ನಾಲ್ಕನೇ ತೂತಿಗೆ ಮಾತ್ರ.

ಈಗ ಆ ತೂತುಗಳಲ್ಲಿ ಕೂತಿದ್ದವರು ಯಾರು? ಗೇಟಿನ ಕ್ಯಾಮೆರಾ ಮತ್ತು ಆಫೀಸಿನ ಟಿವಿ. ರೈತರೆಲ್ಲ ಬೆಳಿಗ್ಗೆಯಿಂದ ಟಿವಿಯ ಹತ್ತಿರ ಟೋಕನ್ ಕೇಳುತ್ತಿದ್ದರು. ಟಿವಿ ಪಾಪ ಏನು ಮಾಡೀತು?

ಸರ್ವರ್‌ಗಳ ಕೇಬಲ್ಲುಗಳನ್ನು ಹುಡುಕಿ ಮೂರು, ನಾಲ್ಕಕ್ಕೆ ಸಿಕ್ಕಿಸಿದೆ. ಟೋಕನ್ ಬಂತು. ತೂಕ ಮುಗಿದು ಹನುಮವ್ವನ ಟ್ರ್ಯಾಕ್ಟರ್ ಶೆಡ್ಡಿನೊಳಗೆ ಹೋಗುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. "ನಿನ್ನ ತಲಿ ಉಳೀತು ನೋಡು" ಎಂದು ನಕ್ಕಳು. ಎಷ್ಟು ಖುಷಿಯಾಯಿತೆಂದರೆ ನಾನೂ ಸ್ವಿಚ್ಚಿಗೆ ಕೈಮುಗಿದೆ.

ಹೊರಡುವಾಗ ಶರಣಪ್ಪನವರಿಗೆ ಹೇಳಿದೆ, "ಇನ್ನ ಇದಕ್ಕ ಪೂಜಿ ಬ್ಯಾಡ್ರಿ."

"ಅದೊಂದು ಆಗಂಗಿಲ್ರೀ ಸರ. ದುಡಿಯೋ ವಸ್ತು."

ಸರಿ, ರಾಜಿಯಾಯಿತು. ಮೂರು ಮತ್ತು ನಾಲ್ಕನೇ ತೂತಿಗೆ, ಅವುಗಳ ಕೇಬಲ್ಲುಗಳಿಗೆ ನಾನೇ ವಿಭೂತಿ ಹಚ್ಚಿದೆ. ವಿಭೂತಿಯ ಕೇಬಲ್ಲು ವಿಭೂತಿಯ ತೂತಿಗೆ. ಲೇಬಲ್ ಅಂಟಿಸಿದರೆ ಕಿತ್ತು ಬಿಸಾಡುತ್ತಾರೆ. ವಿಭೂತಿಯನ್ನು ಯಾರಾದರೂ ಅಳಿಸುತ್ತಾರೆಯೇ? (ಎಂಥ ತಲೆ ನನ್ನದು! ಸುಮ್ಮನೆ ಉಳಿಯಿತೇ ಅದು?)

ನಿನ್ನೆ ಮತ್ತೆ ಅಮಾವಾಸ್ಯೆ. ಇವತ್ತು ಬೆಳಿಗ್ಗೆ ಶರಣಪ್ಪನವರ ಫೋನು.

"ಈ ಸಲ ಪೂಜಿ ಭಾಳ ಚಂದ ಆತ್ರೀ ಸರ. ಆದ್ರ ಟೋಕನ್ ಬರವಲ್ದು."

"ವಿಭೂತಿ ಅಳಿಸೀರೇನ್ರಿ?"

"ಶಿವ ಶಿವಾ, ಅಳಸ್ತೀವೇನ್ರಿ? ಬರೇ ಎರಡಕ್ಕ ಹಚ್ಚಿ ಉಳಿದವನ್ನ ಹಂಗ ಬಿಡಾಕ ಮನಸ್ಸು ಬರಲಿಲ್ಲ. ವಯರ್ ಎಲ್ಲಾ ಬಿಚ್ಚಿ, ಎಲ್ಲಾ ವಯರಿಗೂ, ಎಲ್ಲಾ ತೂತಿಗೂ ಹಚ್ಚೀವಿ."

ಭೇದ ಮಾಡದೆ ಸಮ ಹಂಚಬೇಕೆಂದು ಹೇಳಿಕೊಟ್ಟವನು ನಾನೇ, ಈಗ ಯಾರನ್ನು ಬೈಯಲಿ?