ಕುಸ್ತಿ ಮೇಷ್ಟ್ರ ರಜೆಯ ಅಡುಗೆ

ಎಸೆಂಕುಲ್, ಹಿಮಬೆಟ್ಟಗಳ ನಡುವಿನ ಕೊಚ್ಕೋರ್ ಎಂಬ ಪೇಟೆಯ ಶಾಲೆಯಲ್ಲಿ ಕುಸ್ತಿ ಕಲಿಸುವ ಮೇಷ್ಟ್ರು. ಎತ್ತರಕ್ಕಿಂತ ಅಗಲವೇ ಹೆಚ್ಚೆನ್ನಿಸುವ ಮೈ, ಹರೆಯದ ಪಟ್ಟುಗಳಲ್ಲಿ ಜಜ್ಜಿಹೋಗಿ ಮುದುಡಿಕೊಂಡ ಕಿವಿ. ಬಜಾರಿನಲ್ಲಿ ಹೊರಟರೆ ಕುರಿ ಮಾರುವವರೂ ಟ್ಯಾಕ್ಸಿಯವರೂ ತಾವಾಗಿ ಬಂದು ಕೈಕುಲುಕುತ್ತಿದ್ದರು. ಅವನ ಹೆಂಡತಿ ಜಿಪಾರ್ ಅದೇ ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕುವವಳು. ಅವಳ ಕೈಗುಣದ ಮಾತು ಬಂದರೆ ಪೇಟೆಯಲ್ಲಿ ಯಾರೂ ಎರಡು ಮಾತು ಆಡುತ್ತಿರಲಿಲ್ಲ. ಒಬ್ಬಳೇ ಮಗಳನ್ನು ದೂರದ ಸರೋವರವೊಂದರ ಆಚೆ ದಡದ ಊರಿಗೆ ಮದುವೆ ಮಾಡಿಕೊಟ್ಟ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ಹೊಸ ವರ್ಷಕ್ಕೆ ಶಾಲೆ ಮುಚ್ಚಿತೆಂದರೆ ಜಿಪಾರ್ ಸೌಟು ಮುಟ್ಟುತ್ತಿರಲಿಲ್ಲ. ವರ್ಷವಿಡೀ ಹಂಡೆ ಹಂಡೆ ಸಾರು ಕುದಿಸಿದವಳಿಗೆ ಈರುಳ್ಳಿಯ ವಾಸನೆ ಕಂಡರಾಗದು. ಆ ದಿನಗಳಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವನು ಎಸೆಂಕುಲ್. ಒಂದು ಚಳಿಗಾಲ ಅವಳ ಕೈಗೆ ಕುದಿನೀರು ಬಿದ್ದು ಬ್ಯಾಂಡೇಜು ಕಟ್ಟಿದ್ದಾಗ ಶುರುವಾದದ್ದು. ಅವಳು ಕೂತಲ್ಲಿಂದಲೇ ಹೇಳಿಕೊಟ್ಟಳು, ಅವನು ಮಾಡಿದ. ಗಾಯ ಮಾಯಿತು, ಅವನ ಅಡುಗೆ ನಿಲ್ಲಲಿಲ್ಲ. ಹಿಟ್ಟು ನಾದುವುದು ಅವನ ತೋಳಿಗೆ ಹೇಳಿಮಾಡಿಸಿದ ಕೆಲಸ. ಹಾಳೆ ಲಟ್ಟಿಸಿ, ಕುರಿಮಾಂಸ, ಈರುಳ್ಳಿ, ಕುಂಬಳಕಾಯಿಯ ಹೂರಣ ತುಂಬಿ, ಅಂಚು ಮಡಿಸಿ ಹಬೆಯಲ್ಲಿ ಬೇಯಿಸುವ ಮಂತಿ ಅವನ ಕೈಯಲ್ಲಿ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಜಿಪಾರ್ ತಿಂದು ಬೆರಳು ನೆಕ್ಕುತ್ತ, "ಕುಸ್ತಿ ಬಿಟ್ಟು ನನ್ ಕೆಲ್ಸಕ್ಕೆ ಬಾ, ನಾನು ಹೋಗಿ ಹುಡುಗರನ್ನ ಎತ್ತಿ ಒಗೀತೀನಿ" ಎನ್ನುತ್ತಿದ್ದಳು.

ಅವಳು ಕಂಬಳಿ ಹೊದ್ದು ಒಲೆಯ ಪಕ್ಕ ಕಾಲು ಚಾಚಿ ಕೂತು ಶಾಲೆಯ ಸುದ್ದಿಗಳನ್ನೆಲ್ಲ ಹೇಳುವಳು, ಟೀಚರುಗಳ ದನಿಯನ್ನು ಅಣಕಿಸುವಳು. ಅವನು ಅವಳದೇ ಹೂವಿನ ಏಪ್ರನ್ ಕಟ್ಟಿಕೊಂಡು, ನಗುತ್ತ, ಮಡಿಸುತ್ತ ಇರುವನು. ಹೊರಗೆ ಉಗುಳಿದ್ದು ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟುವ ಚಳಿ. ಒಳಗೆ ಕಿಟಕಿಯ ಗಾಜೆಲ್ಲ ಹಬೆ. ಇಬ್ಬರಿಗೂ ವರ್ಷದಲ್ಲಿ ಇದಕ್ಕಿಂತ ಸುಖದ ದಿನಗಳಿರಲಿಲ್ಲ.

ಆದರೆ ಈ ಸಂಗತಿ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗಂಡಸು ಕುರಿ ಕಡಿಯಬಹುದು, ಮದುವೆಮನೆಯ ಅಂಗಳದಲ್ಲಿ ಹಂಡೆಗೆ ಮಾಂಸ ಹಾಕಿ ನಿಲ್ಲಬಹುದು. ಮನೆಯೊಳಗೆ ಲಟ್ಟಣಿಗೆ ಹಿಡಿದು ಕೂತನೆಂದರೆ ಊರು ನಗುತ್ತದೆ. ಅದರಲ್ಲೂ ಅಣ್ಣ ಮಾಂಬೆತನಿಗೆ ಗೊತ್ತಾದರೆ! ಅಪ್ಪ ತೀರಿದ ಮೇಲೆ ತಮ್ಮನನ್ನು ಬೆಳೆಸಿ ಕುಸ್ತಿಗೆ ಹಾಕಿದವನು ಅವನು. ಅದಕ್ಕೇ ನಾಯಿ ಬೊಗಳಿದರೆ ಸಾಕು, ಎಸೆಂಕುಲ್ ಏಪ್ರನ್ ಕಿತ್ತು ಹೆಂಡತಿಯ ಮೇಲೆ ಎಸೆದು, ಕೈ ಒರೆಸಿಕೊಂಡು ಟಿವಿಯ ಮುಂದೆ ಕೂತುಬಿಡುತ್ತಿದ್ದ. ಅವಳು ನಗು ತಡೆದುಕೊಂಡು ಹಿಟ್ಟಿನ ಮುಂದೆ ಕೂರುತ್ತಿದ್ದಳು. ಅದೂ ಇಬ್ಬರಿಗೂ ಒಂದು ಆಟವೇ ಆಗಿತ್ತು.

ಆ ವರ್ಷ ರಜೆಯ ನಡುವೆ ಒಂದು ಮಧ್ಯಾಹ್ನ ನಾಯಿ ಬೊಗಳಿತು. ಮಂತಿ ಆಗಲೇ ಹಬೆಗೆ ಏರಿತ್ತು. ಬಂದವನು ಮಾಂಬೆತ್. ಜೊತೆಗೆ ಅವನ ಹೊಸ ಬೀಗ ಶಾರ್ಶೆ. ಮಾಂಬೆತನ ಮಗಳನ್ನು ಅವರ ಮನೆಗೆ ಕೊಡುವುದೆಂದು ಮಾತಾಗಿತ್ತು. ಬೀಗನನ್ನು ಬಸ್ಸಿಗೆ ಹತ್ತಿಸಲು ಬಂದರೆ ದಾರಿಯಲ್ಲಿ ಹಿಮ ಕುಸಿದು ಬಸ್ಸೇ ಹೊರಡಲಿಲ್ಲವಂತೆ.

"ದಾರಿ ಬಿಡೋವರೆಗೂ ನಮ್ ಜಿಪಾರ್ ಕೈ ಅಡುಗೆ ತಿನ್ನಿ ಬೀಗ್ರೇ," ಎಂದ ಮಾಂಬೆತ್, ಬೂಟು ಬಿಚ್ಚುತ್ತ. "ಇಡೀ ಶಾಲೆ ಸಾಕೋ ಕೈ ಅದು."

ಬೀಗನನ್ನು ಬಾಗಿಲಿಗೆದುರಾದ ಗೌರವದ ಜಾಗದಲ್ಲಿ ಕೂರಿಸಿದರು. ಜಿಪಾರ್ ನೆಲಕ್ಕೆ ಊಟದ ಹಾಸು ಹಾಸಿ, ರೊಟ್ಟಿ, ಬೆಣ್ಣೆ, ಚಹಾ ಇಟ್ಟು, ಹೊಗೆಯಾಡುವ ಮಂತಿಯ ತಟ್ಟೆ ತಂದಳು. ಶಾರ್ಶೆ ಒಂದನ್ನು ಕೈಯಲ್ಲಿ ಹಿಡಿದು ಕಚ್ಚಿದ. ಅವನ ದವಡೆ ಒಂದು ಕ್ಷಣ ನಿಂತಿತು. ನುಂಗಿದ. ಬಟ್ಟಲಿನ ಚಹಾ ಅಷ್ಟನ್ನೂ ಕುಡಿದ.

ಎಸೆಂಕುಲನೂ ಕಚ್ಚಿದ. ಬಾಯಿ ಕಹಿಯಾಗುವಷ್ಟು ಉಪ್ಪು! ಹೂರಣ ಕಲಸುವಾಗ ಜಿಪಾರ್ ಹೆಡ್ ಮೇಡಂ ಕುರ್ಚಿಯಿಂದ ಜಾರಿ ಬಿದ್ದದ್ದನ್ನು ಅಭಿನಯಿಸಿ ತೋರಿಸುತ್ತಿದ್ದಳು, ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹಾಕಿದ ಉಪ್ಪನ್ನು ಮರೆತು ಎರಡನೆಯ ಸಲ ಹಾಕಿದ್ದ. ಅದು ಈಗ ಹೊಳೆಯಿತು.

"ಏನಮ್ಮಾ ಜಿಪಾರ್," ಎಂದು ಮಾಂಬೆತ್ ನಕ್ಕ. "ನಮ್ಮೂರ ಉಪ್ಪಿನ ಗಣೀನ ಪೂರ್ತಿ ತಂದು ಇದ್ರೊಳಗೆ ತುಂಬಿಬಿಟ್ಯಾ?"

ನಗೆಚಾಟಿಕೆಯ ಮಾತು. ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಗುವಾಗ ಅಣ್ಣನ ಕಣ್ಣು ಎಸೆಂಕುಲನ ಕೈಯ ಮೇಲೆ ಹೋದಂತಾಯಿತು. ಉಗುರಿನ ಸಂದಿಯಲ್ಲಿ ಹಿಟ್ಟು ಅಂಟಿತ್ತು. ಎಸೆಂಕುಲ್ ಕೈಯನ್ನು ಮೊಣಕಾಲಡಿ ಸೇರಿಸಿ ದನಿ ಏರಿಸಿದ.

"ಎಷ್ಟು ಸಲ ಹೇಳೋದು ಇವ್ಳಿಗೆ! ಶಾಲೇಲಿ ಹಂಡೆಗಟ್ಟಲೆ ಬೇಯ್ಸಿ ಬೇಯ್ಸಿ ನಾಲಿಗೇನೇ ಸತ್ತುಹೋಗಿದೆ. ಆ ಮಕ್ಕಳು ಪಾಪ, ಹೇಳೋಕೆ ಬಾಯಿಲ್ಲ, ತಿಂತಾವೆ. ಮನೆಗೆ ಬೀಗ್ರು ಬಂದಾಗ್ಲೂ ಇದೇ ಗತಿ! ತಗೊಂಡೋಗು ಇದನ್ನ, ನಾಯಿಗೆ ಹಾಕು!"

ಎಂದು ತಟ್ಟೆಯನ್ನು ಅವಳ ಕಡೆ ತಳ್ಳಿದ. ಒಂದು ಮಂತಿ ಉರುಳಿ ಹಾಸಿನ ಮೇಲೆ ಬಿತ್ತು.

ಜಿಪಾರ್ ಅವನನ್ನು ನೋಡಿದಳು. ಹಿರಿಯರೆದುರು ಅವಳು ಗಂಡನನ್ನು ಬಹುವಚನದಲ್ಲೇ ಮಾತಾಡಿಸುವವಳು. ಅಂದು ಯಾವ ವಚನದಲ್ಲೂ ಅವನನ್ನು ಮಾತಾಡಿಸಲಿಲ್ಲ. "ತಪ್ಪಾಯ್ತು ಭಾವ, ಕೈ ತಪ್ತು," ಎಂದು ಮಾಂಬೆತನಿಗೆ ಹೇಳಿ, ಬಿದ್ದದ್ದನ್ನು ಎತ್ತಿ ತಟ್ಟೆಗಿಟ್ಟುಕೊಂಡು ಒಳಗೆ ಹೋದಳು. ಮೊಟ್ಟೆ, ಆಲೂಗೆಡ್ಡೆ ಹುರಿದು ತಂದಿಟ್ಟಳು. ಬೀಗ, "ಪರವಾಗಿಲ್ಲ ತಂಗೀ, ನಮ್ ಮನೇಲೂ ಆಗ್ತಿರುತ್ತೆ," ಎಂದಾಗ ಎಸೆಂಕುಲನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಪರಮನೆಯವನಿಗೆ ಇದ್ದ ದೊಡ್ಡತನ ತನಗೆ ಇಲ್ಲದೆಹೋಯಿತಲ್ಲ.

ಸಂಜೆಯ ಹೊತ್ತಿಗೆ ದಾರಿ ಬಿಟ್ಟಿತು, ಅವರು ಹೋದರು. ಎಸೆಂಕುಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಜಿಪಾರ್, ಅದೇನೋ ಆಗ್ಬಿಡ್ತು..." ಎಂದ.

"ಏನಾಯ್ತು? ಉಪ್ಪು ಜಾಸ್ತಿ ಆಯ್ತು, ಅಷ್ಟೇ ತಾನೆ," ಎಂದಳು ಅವಳು, ಪಾತ್ರೆಯಿಂದ ಕಣ್ಣೆತ್ತದೆ.

ಮರುದಿನ ಬೆಳಗ್ಗೆ ಅವನು ಏಳುವ ಹೊತ್ತಿಗೆ ಹಿಟ್ಟು ನಾದುವ ಸದ್ದು ಕೇಳಿಸಿತು. ಓಡಿಹೋಗಿ, "ಬಿಡು, ನಾನ್ ಮಾಡ್ತೀನಿ. ನಿನಗೆ ರಜೆ," ಎಂದ.

"ಬೇಡ. ನಾಲಿಗೆ ಸತ್ತೋಗಿದೆಯಲ್ಲ, ಅಭ್ಯಾಸ ಮಾಡ್ಕೋತೀನಿ."

ರಜೆ ಮುಗಿಯುವವರೆಗೂ ಅವಳೇ ಬೇಯಿಸಿದಳು. ಒಂದು ಹರಳು ಉಪ್ಪು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಿಟ್ಟು ಮಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಚಹಾ ಬೇಕಾ ಎಂದು ಕೇಳಿದಳು, ಕಾಲುಚೀಲ ಒಣಗಿಸಿಟ್ಟಳು. ಶಾಲೆಯ ಸುದ್ದಿ ಮಾತ್ರ ಹೇಳಲಿಲ್ಲ. ಅವನು ತಲೆ ಬಗ್ಗಿಸಿ ತಿಂದು ಎದ್ದುಹೋಗಿ ಅಂಗಳದ ಹಿಮ ಬಾಚುತ್ತಿದ್ದ. ಬಾಚಿದ್ದನ್ನೇ ಮತ್ತೆ ಬಾಚುತ್ತಿದ್ದ.

ಶಾಲೆ ತೆರೆಯುವ ಹೊತ್ತಿಗೆ ಮಾತು ಪೇಟೆಯನ್ನೆಲ್ಲ ಸುತ್ತಿತ್ತು. ಮಾಂಬೆತ್ ನಗುತ್ತ ಹೆಂಡತಿ ಜೂರಾಳಿಗೆ ಹೇಳಿದ್ದ, ಅವಳು ನೆರೆಮನೆಗೆ ಹೇಳಿದ್ದಳು. "ಗಂಡನೇ ಅಂದನಂತೆ, ಇವ್ಳ ನಾಲಿಗೆ ಸತ್ತಿದೆ, ಮಕ್ಕಳು ಬಾಯಿಲ್ದೆ ತಿಂತಾವೆ ಅಂತ." ಮೊದಲ ದಿನವೇ ಊಟದ ಹೊತ್ತಿಗೆ ಎಸೆಂಕುಲ್ ಸಾಲಿನಲ್ಲಿ ನಿಂತು ನೋಡಿದ: ಹೆಡ್ ಮೇಡಂ, ಹಿಂದೆಂದೂ ಆ ಕಡೆ ತಲೆಹಾಕದವಳು, ಚಮಚ ಹಿಡಿದು ಹಂಡೆಯ ಬಳಿ ಬಂದು ಸಾರಿನ ರುಚಿ ನೋಡಿದಳು. ತಲೆ ಆಡಿಸಿದಳು. ಆಮೇಲೆಯೇ ಮಕ್ಕಳಿಗೆ ಬಡಿಸಿದ್ದು. ಜಿಪಾರ್ ಸೌಟು ಹಿಡಿದು, ಕೆಲಸಕ್ಕೆ ಹೊಸದಾಗಿ ಸೇರಿದವಳ ಹಾಗೆ ಪಕ್ಕಕ್ಕೆ ಸರಿದು ನಿಂತಿದ್ದಳು.

"ಮೇಷ್ಟ್ರೇ, ನಿಮಗೆ ಉಪ್ಪು ಕಮ್ಮಿ ಹಾಕ್ಸೋಣ್ವಾ?" ಎಂದಳು ಹಿಂದಿನಿಂದ ಲೆಕ್ಕದ ಟೀಚರು. ಸಾಲಿಗೆ ಸಾಲೇ ನಕ್ಕಿತು. ಎಸೆಂಕುಲ್ ತಟ್ಟೆ ಇಟ್ಟು ಹೊರಗೆ ಬಂದುಬಿಟ್ಟ. ಅಖಾಡದಲ್ಲಿ ಅಂಗಾತ ಬಿದ್ದಾಗಲೂ ಅವನ ಮುಖ ಹಾಗೆ ಉರಿದಿರಲಿಲ್ಲ.

ಚಳಿ ಇನ್ನೂ ಇಳಿಯದಿರುವಾಗಲೇ ಮಾಂಬೆತನ ಮಗಳ ನಿಶ್ಚಿತಾರ್ಥಕ್ಕೆ ಓಲೆ ತೊಡಿಸುವ ಶಾಸ್ತ್ರ ಬಂತು. ಬೀಗರೆಲ್ಲ ಸೇರಿದ್ದರು. ಹಾಸಿನ ಸುತ್ತ ತುಂಬ ಜನ. ಜಿಪಾರ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಓರಗಿತ್ತಿ ಜೂರಾ ಅವಳಿಗೆ ಒಲೆಯ ಕೆಲಸ ಕೊಟ್ಟಿರಲಿಲ್ಲ. ಅದನ್ನು ಕಂಡ ಎಸೆಂಕುಲನಿಗೆ ಇನ್ನು ತಡೆಯಲಾಗಲಿಲ್ಲ. ಜನರ ನಡುವೆ ಎದ್ದು ನಿಂತ. ಏನೋ ಹಾರೈಕೆಯ ಮಾತಾಡುತ್ತಾನೆಂದು ಎಲ್ಲರೂ ಸುಮ್ಮನಾದರು.

"ಅವತ್ತು ಉಪ್ಪು ಹಾಕಿದ್ದು ನಾನು," ಎಂದ. "ಮಂತಿ ಮಾಡಿದ್ದೇ ನಾನು. ಅವಳ ತಪ್ಪಿಲ್ಲ."

ಮನೆಯೇ ಹಾರಿಹೋಗುವಂಥ ನಗು.

"ನೋಡಿದ್ರಾ ಬೀಗ್ರೇ, ಹೆಂಡತಿ ಅಂದ್ರೆ ಹೆಂಗೆ ಪ್ರಾಣ ಬಿಡ್ತಾನೆ!" ಎಂದ ಮಾಂಬೆತ್. ಶಾರ್ಶೆ ಕಣ್ಣೊರೆಸಿಕೊಂಡು, "ತಪ್ಪನ್ನ ತನ್ನ ಮೇಲೆ ಹಾಕ್ಕೋತಾನೆ ಪುಣ್ಯಾತ್ಮ. ಇಂಥಾ ಚಿಕ್ಕಪ್ಪ ಇರೋ ಮನೆ ಹುಡುಗಿ ತಂದ್ಕೊಳ್ಳೋಕೆ ನಾವು ಅದೃಷ್ಟ ಮಾಡಿದ್ವಿ," ಎಂದ.

"ಸುಳ್ಳಲ್ಲ! ರಜೇಲಿ ಅಡುಗೆ ಮಾಡೋನು ನಾನೇ!"

"ಹಂಗಾದ್ರೆ ತೋರ್ಸಪ್ಪ ಮೈದುನ," ಎಂದು ಜೂರಾ ಹಿಟ್ಟಿನ ಮುದ್ದೆ, ಲಟ್ಟಣಿಗೆ, ಹೂರಣದ ಬಟ್ಟಲನ್ನೇ ತಂದು ಮುಂದಿಟ್ಟಳು, ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತ.

ಎಸೆಂಕುಲ್ ಕೂತ. ಹಾಳೆ ಲಟ್ಟಿಸಿದ, ಕತ್ತರಿಸಿದ, ಹೂರಣವಿಟ್ಟು ಮಡಿಸಿದ. ಮೊದಲನೆಯದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೇ ಅಳತೆಯ ಮಂತಿಗಳು ಸಾಲಾಗಿ ಕೂರತೊಡಗಿದಂತೆ ಚಪ್ಪಾಳೆ ನಿಂತಿತು, ನಗುವೂ ನಿಂತಿತು. ಇದು ಒಂದು ದಿನದ ಕೈಯಲ್ಲ ಎಂಬುದು ಅಲ್ಲಿದ್ದ ಹೆಂಗಸರಿಗೆಲ್ಲ ತಿಳಿಯಿತು. ಮಾಂಬೆತನ ಮುಖ ಕಪ್ಪಿಟ್ಟಿತು.

"ಏಳು ಮೇಲೆ," ಎಂದ ಹಲ್ಲು ಕಚ್ಚಿ. "ಬೀಗರ ಮುಂದೆ ಮಾನ ಕಳೀಬೇಡ."

ಎಸೆಂಕುಲ್ ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಜಿಪಾರ್ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಂಗಸರೆಲ್ಲ ಅವನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಇಬ್ಬರೂ ಮನೆಗೆ ನಡೆದು ಬರುತ್ತಿದ್ದರು. ಕಾಲಡಿ ಹಿಮ ಕರಕರ ಅನ್ನುತ್ತಿತ್ತು. ಕೊನೆಗೆ ಅವನೇ, "ನಿಜ ಹೇಳಿದ್ದಾಯ್ತಲ್ಲ," ಎಂದ.

"ಆಯ್ತು. ನಿನ್ನೇವರೆಗೂ ನಾನು ಉಪ್ಪು ಜಾಸ್ತಿ ಹಾಕೋಳು. ನಾಳೆಯಿಂದ ಗಂಡನ ಕೈಲಿ ಬೇಯಿಸ್ಕೊಂಡು ತಿನ್ನೋಳು. ಅಲ್ಲಿ ಎದ್ದು ನಿಲ್ಲೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ಯಾ?"

"ನನಗೆ ನಾಚಿಕೆಯಾಗ್ತಿತ್ತು ಕಣೆ. ತಡ್ಕೊಳ್ಳೋಕೆ ಆಗ್ಲಿಲ್ಲ."

"ಹೂಂ. ನಿನಗೆ." ಅವಳು ನಿಂತಳು. "ಅಡುಗೆ ಮಾಡಿದ್ದು ನಾನೇ ಅಂತ ಅವ್ರು ಅಂದ್ಕೊಂಡ್ರೆ ನನಗೇನೂ ಬೇಜಾರಿರ್ಲಿಲ್ಲ ಎಸೆನ್. ಎಷ್ಟು ವರ್ಷದಿಂದ ಹಾಗೇ ಅಂದ್ಕೊಂಡಿದಾರೆ. ಭಾವ ತಮಾಷೆ ಮಾಡಿದ್ರು, ನೀನೂ ನಕ್ಕು ಸುಮ್ನಿದ್ದಿದ್ರೆ ಮುಗೀತಿತ್ತು. ನಾಯಿಗೆ ಹಾಕು ಅಂದ್ಯಲ್ಲ, ಅದು ಯಾಕೆ?"

ಅವನಿಗೆ ಉಗುರಿನ ಸಂದಿಯ ಹಿಟ್ಟಿನ ಮಾತು ಬಾಯಿಗೆ ಬಂತು. ಅಷ್ಟು ಚಿಕ್ಕ ಕಾರಣಕ್ಕೆ ಎಂದು ಹೇಳಲು ಇನ್ನೂ ನಾಚಿಕೆಯಾಗಿ ನುಂಗಿಕೊಂಡ. "ತಪ್ಪಾಯ್ತು," ಎಂದಷ್ಟೇ ಅಂದ. ಅವಳು ಮುಂದೆ ನಡೆದಳು.

ಹೆಡ್ ಮೇಡಂ ಹಂಡೆಯ ಬಳಿ ಬರುವುದನ್ನು ನಿಲ್ಲಿಸಿದ್ದು ಹೊಲ ಉಳುವ ಕಾಲಕ್ಕೆ. ಮಾಂಬೆತ್ ಬೇಸಿಗೆಯವರೆಗೂ ತಮ್ಮನ ಮನೆಯ ಕಡೆ ಬರಲಿಲ್ಲ. ಕುಸ್ತಿಯ ಹುಡುಗರ ತಂದೆಯರು ಬಜಾರಿನಲ್ಲಿ "ಮೇಷ್ಟ್ರೇ, ಇವತ್ತೇನು ಅಡುಗೆ?" ಎಂದು ಕೆಣಕುವುದಿತ್ತು. ಆಶ್ಚರ್ಯವೆಂದರೆ, ಅಷ್ಟು ವರ್ಷ ಅವನು ಹೆದರಿಕೊಂಡಿದ್ದ ಆ ನಗು ಅವನನ್ನು ತಟ್ಟಲೇ ಇಲ್ಲ. "ನೂಡಲ್ಸು" ಎಂದು ಹೇಳಿ ಮುಂದೆ ಹೋಗುತ್ತಿದ್ದ. ಅವನನ್ನು ತಟ್ಟುತ್ತಿದ್ದದ್ದು ಬೇರೆ. ಊಟಕ್ಕೆ ಕೂತಾಗಲೆಲ್ಲ ಜಿಪಾರ್ ತಾನು ಬೇಯಿಸಿದ್ದನ್ನು ಮೊದಲು ಚಮಚದ ತುದಿಯಲ್ಲಿ ನೆಕ್ಕಿ ನೋಡಿ ಆಮೇಲೆ ಅವನಿಗೆ ಬಡಿಸುತ್ತಿದ್ದಳು. ಹಿಂದೆ ಅವಳಿಗೆ ಆ ಅಭ್ಯಾಸ ಇರಲಿಲ್ಲ.

ಮರುವರ್ಷ ರಜೆ ಶುರುವಾದಾಗ ಅವನು ಅಡುಗೆಮನೆಗೆ ಕಾಲಿಡಲು ಹಿಂಜರಿದ. ಮೊದಲೆರಡು ದಿನ ರೊಟ್ಟಿ ಚಹಾದಲ್ಲೇ ಕಳೆಯಿತು. ಮೂರನೆಯ ದಿನ ಜಿಪಾರ್ ಈರುಳ್ಳಿಯ ಬುಟ್ಟಿ ತಂದು ನಡುವೆ ಇಟ್ಟಳು. "ಹೆಚ್ಚೋದು ನಾನು, ನಾದೋದು ನೀನು. ಉಪ್ಪು ನಾನು ಹಾಕ್ತೀನಿ," ಎಂದಳು.

ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದರು. ಅರ್ಧ ಬುಟ್ಟಿ ಈರುಳ್ಳಿ ಮುಗಿದಿತ್ತು. ಅವಳು ಇದ್ದಕ್ಕಿದ್ದಂತೆ ಲೆಕ್ಕದ ಟೀಚರ ಗೊಗ್ಗರು ದನಿ ತೆಗೆದು, ಆ ಟೀಚರು ಬಸ್ಸಿನವನ ಜೊತೆ ಜಗಳವಾಡಿದ್ದನ್ನು ಹೇಳತೊಡಗಿದಳು. ಹೇಳುತ್ತ ತಾನೇ ನಕ್ಕಳು. ಎಸೆಂಕುಲ್ ಹಿಟ್ಟಿನಿಂದ ಮುಖವೆತ್ತಿ ಅವಳನ್ನು ನೋಡಿದ. ತಾನೂ ನಗಬಹುದು ಎಂದು ಅವನಿಗೆ ಧೈರ್ಯ ಬರಲು ಸ್ವಲ್ಪ ಹೊತ್ತು ಹಿಡಿಯಿತು.